ದೇವೀರಕ್ಕನ ಕೊರಳಿಗೆ ತರಗೆಲೆ ಹಾರ

ಹೊನ್ನೆಗುಡ್ಡದ ಬುಡದಲ್ಲಿ ಒಂದು ಹಳ್ಳ, ಹಳ್ಳದ ದಂಡೆಯಲ್ಲಿ ಒಂದು ದೊಡ್ಡ ಅತ್ತಿಮರ. ಮಕ್ಕಳೇ, ಆ ಮರವೇ ಕಾಡಿನ ಕಾವಲು ಕಚೇರಿ. ಕರಿಮೂತಿಯ ಕೋತಿಗಳಾದ ಮುಸುವಗಳು ಅಲ್ಲಿ ಪಾಳಿಯ ಮೇಲೆ ಕಾವಲು ಕೂರುತ್ತಿದ್ದವು. ಕೆಳಗೆ ಜಿಂಕೆಗಳು ಮೇಯುತ್ತಿದ್ದವು. ಚಿರತೆ ಕಂಡರೆ ಮುಸುವ ಕೂಗಬೇಕು, ಕೂಗು ಕೇಳಿದೊಡನೆ ಜಿಂಕೆಗಳು ಹಳ್ಳ ಹಾರಿ ಓಡಬೇಕು. ಇಷ್ಟೇ ಕೆಲಸ.

ಆದರೆ ಆ ಕಚೇರಿಯಲ್ಲಿ ಒಂದು ಕೆಟ್ಟ ರೂಢಿ ಇತ್ತು. ಯಾರಾದರೂ "ಚಿರತೆ!" ಅಂತ ಕೂಗಿ, ಬಂದದ್ದು ನವಿಲೋ ಕಾಡುಹಂದಿಯೋ ಆಗಿದ್ದರೆ ಮುಗಿಯಿತು ಅವರ ಕತೆ! ಬಳ್ಳಿಗೆ ಒಣಗಿದ ತೇಗದ ಎಲೆ ಪೋಣಿಸಿದ ಹಾರವೊಂದನ್ನು ಅವರ ಕೊರಳಿಗೆ ಹಾಕುತ್ತಿದ್ದರು. ಸಂಜೆಯವರೆಗೂ ತೆಗೆಯುವ ಹಾಗಿಲ್ಲ. ಕೂತರೆ ಸರಸರ, ಎದ್ದರೆ ಸರಸರ. "ಓಹೋ, ನವಿಲು ನೋಡಿ ನಡುಗಿದ ಶೂರ ಬಂದ!" ಅಂತ ಇಡೀ ಮರವೇ ನಗುತ್ತಿತ್ತು.

ಕೆಂಚಯ್ಯನೆಂಬ ಮುಸುವನ ಕಣ್ಣು ಬಲು ಚುರುಕು. ಪಾಪ, ಒಮ್ಮೆ ನವಿಲು ನೋಡಿ ಕೂಗಿ ಹಾರ ಹಾಕಿಸಿಕೊಂಡ ಮೇಲೆ ಅವನ ಬಾಯಿಗೆ ಬೀಗ ಬಿದ್ದಿತ್ತು. ಉಳಿದವರೂ ಅಷ್ಟೇ. ಚಿರತೆಯ ಮೀಸೆ ಕಾಣುವ ತನಕ ಯಾರೂ ಉಸಿರೆತ್ತುತ್ತಿರಲಿಲ್ಲ.

ಆ ವರ್ಷ ದೇವೀರಕ್ಕ ಕಾವಲಿನ ಮುಖ್ಯಸ್ಥೆಯಾದಳು. ಒಳ್ಳೆಯ ಮನಸ್ಸಿನವಳು, ಕೆಲಸದಲ್ಲೂ ಅಚ್ಚುಕಟ್ಟು. ಆದರೆ ತನ್ನ ಕೊರಳಿಗೆ ಒಂದು ದಿನವೂ ಹಾರ ಬಿದ್ದಿಲ್ಲ ಅನ್ನುವ ಜಂಬ ಅವಳಿಗೆ ಚೂರು ಜಾಸ್ತಿಯೇ ಇತ್ತು.

ಮೊದಲ ದಿನವೇ ಸಭೆ ಕರೆದಳು. "ನೋಡ್ರಪ್ಪಾ, ಇವತ್ತಿನಿಂದ ಹಾರ ಗೀರ ಏನೂ ಇಲ್ಲ. ಅನುಮಾನ ಬಂದರೂ ಸಾಕು, ಕೂಗಿಬಿಡಿ."

"ಆಗಲಿ ಅಕ್ಕಾ!" ಅಂದವು ಎಲ್ಲ ಮುಸುವಗಳು. ಹಾರವನ್ನು ಒಂದು ಕೊಂಬೆಗೆ ನೇತುಹಾಕಿದ್ದೂ ಆಯಿತು.

ಹದಿನೈದು ದಿನ ಕಳೆಯಿತು. ಒಬ್ಬರಾದರೂ ಕೂಗಬೇಕಲ್ಲ? ಊಹೂಂ. "ಎಷ್ಟು ಬಡಿದುಕೊಂಡರೂ ಅಷ್ಟೇ ಇವರು!" ಎಂದು ರೇಗಿದ ದೇವೀರಕ್ಕ ತಾನೇ ಬೆಳಗಿನ ಪಾಳಿಗೆ ಕೂತಳು.

ಕೆಳಗೆ ಚೆನ್ನಾಜಿ ಎಂಬ ಜಿಂಕೆ ತನ್ನ ಮರಿಯೊಂದಿಗೆ ಮೇಯುತ್ತಿದ್ದಳು. ಗುಡ್ಡದ ಕಡೆಯ ಹುಲ್ಲು ಒಮ್ಮೆ ಅಲ್ಲಾಡಿತು. ಚಿರತೆಯೋ? ಬರೀ ಗಾಳಿಯೋ? ದೇವೀರಕ್ಕ ಕೂಗಲೆಂದು ಬಾಯಿ ತೆರೆದಳು. ಪಕ್ಕದ ಕೊಂಬೆಯಲ್ಲಿ ಕೆಂಚಯ್ಯ ಕೂತಿದ್ದ. 'ಅಯ್ಯೋ, ಮುಖ್ಯಸ್ಥೆಯೇ ಗಾಳಿಗೆ ಹೆದರಿ ಕೂಗಿದಳು ಅಂದರೆ ನನ್ನ ಮರ್ಯಾದೆ ಏನಾದೀತು?' ಅನ್ನಿಸಿತು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಳು.

ಹುಲ್ಲಿನಿಂದ ಚಿರತೆ ಛಂಗನೆ ಹಾರಿತು! ಮರಿ ಹೇಗೋ ಹಳ್ಳ ದಾಟಿತು. ಚೆನ್ನಾಜಿಯೂ ದಾಟಿದಳು, ಆದರೆ ತೊಡೆಯ ಮೇಲೆ ಉಗುರಿನ ಗೀರು ಬಿದ್ದಿತ್ತು.

ಚಿರತೆ ಹೋದ ಮೇಲೆ ಅವಳು ಕುಂಟುತ್ತಾ ಮರದಡಿಗೆ ಬಂದಳು. "ದೇವೀರಕ್ಕಾ, ನೀನೇ ಕೂತಿದ್ದೆಯಲ್ಲೇ. ನಿನಗೆ ಕಾಣಲಿಲ್ಲವಾ?"

ಕಾಣಲಿಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ರಕ್ತ ನೋಡಿ ದೇವೀರಕ್ಕನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಹುಲ್ಲು ಅಲ್ಲಾಡಿದ್ದು ಕಂಡಿತ್ತು ಚೆನ್ನಾಜಿ. ಎಲ್ಲರೂ ನಕ್ಕುಬಿಟ್ಟಾರು ಅಂತ ಸುಮ್ಮನಿದ್ದೆ. ತಪ್ಪು ನನ್ನದೇ."

ಆಗ ಕೆಂಚಯ್ಯ ತಲೆ ತಗ್ಗಿಸಿ ಹೇಳಿದ, "ಅಕ್ಕಾ, ನನಗೂ ಕಂಡಿತ್ತು. ನೀವೇ ಕೂಗಲಿಲ್ಲವಲ್ಲ ಅಂತ ನಾನೂ ಸುಮ್ಮನಾದೆ."

ಆ ಮಾತು ದೇವೀರಕ್ಕನ ಎದೆಗೆ ನಾಟಿತು. ಹದಿನೈದು ದಿನ ಅವಳು ಬೈದದ್ದೆಲ್ಲ ಅವಳಿಗೇ ವಾಪಸು ಬಂದಂತಾಯಿತು.

ಮರುದಿನ ಪೊದೆಯೊಂದು ಅಲುಗಿತು. "ಏನೋ ಗೊತ್ತಿಲ್ಲ, ಓಡಿ!" ಎಂದು ದೇವೀರಕ್ಕ ಗಂಟಲು ಹರಿಯುವ ಹಾಗೆ ಕೂಗಿದಳು. ಜಿಂಕೆಗಳು ದಿಕ್ಕಾಪಾಲಾಗಿ ಓಡಿದವು. ಪೊದೆಯಿಂದ ಹೊರಬಂದದ್ದು ಒಂದು ಹಂದಿ, ಹಿಂದೆ ಅದರ ನಾಲ್ಕು ಮರಿಗಳು.

ಯಾರೂ ನಗಲಿಲ್ಲ, ನಗಲು ಧೈರ್ಯ ಬೇಡವೇ? ದೇವೀರಕ್ಕ ತಾನೇ ಮೊದಲು ನಕ್ಕಳು. ಕೊಂಬೆಯಲ್ಲಿದ್ದ ಹಾರ ಕಿತ್ತು ತನ್ನ ಕೊರಳಿಗೆ ಹಾಕಿಕೊಂಡಳು. "ಹಂದಿಗೆ ಹೆದರಿದೆ ಕಣ್ರೋ! ನಾಳೆಯೂ ಹೆದರುತ್ತೇನೆ, ನಾಡಿದ್ದೂ ಹೆದರುತ್ತೇನೆ. ಎಷ್ಟು ಬೇಕೋ ಅಷ್ಟು ನಗಿ!" ಸಂಜೆಯ ತನಕ ಸರಸರ ಸದ್ದು ಮಾಡಿಕೊಂಡೇ ಮರವೆಲ್ಲ ಓಡಾಡಿದಳು. ಮುಸುವಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಅವಳ ಜಂಬ ಆ ಸರಸರದಲ್ಲೇ ಉದುರಿಹೋಯಿತು.

ಮೂರನೆಯ ದಿನ ಕೆಂಚಯ್ಯನ ಪಾಳಿ. ಬಿದಿರಿನ ಮೆಳೆಯ ಹಿಂದೆ ಏನೋ ಮಿಸುಕಾಡಿತು. ಅವನು ಎರಡು ಸಲ ದೇವೀರಕ್ಕನ ಕಡೆ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡು, "ಏನೋ ಗೊತ್ತಿಲ್ಲ, ಓಡಿ!" ಎಂದು ಕೂಗಿಯೇಬಿಟ್ಟ.

ಬಂದದ್ದು ಮತ್ತೆ ನವಿಲು! ಯಾರೋ ಕಿಸಕ್ಕೆಂದರು. ಎಲ್ಲರ ಕಣ್ಣೂ ದೇವೀರಕ್ಕನ ಮೇಲೆ. ಅವಳು ಕೊಂಬೆಯಿಂದ ಕೊಂಬೆಗೆ ಇಳಿದು ಬಂದು, ಇದ್ದದ್ದರಲ್ಲಿ ಚೆನ್ನಾಗಿ ಹಣ್ಣಾದ ಅತ್ತಿಹಣ್ಣನ್ನು ಕೆಂಚಯ್ಯನ ಕೈಗಿಟ್ಟಳು. "ಬಲು ಚೆನ್ನಾಗಿ ಕೂಗಿದೆಯಪ್ಪ" ಎಂದಳು. ಕೆಂಚಯ್ಯನ ಕಣ್ಣು ತುಂಬಿಬಂತು.

"ಅಕ್ಕಾ, ಆ ಹಾರ ನನಗೆ ಕೊಡಿ," ಎಂದ.

"ಯಾಕೋ ಮಾರಾಯಾ? ಅದು ಬೇಡ ಅಂತ ಆಗಿದೆಯಲ್ಲ!"

"ಅದಕ್ಕೆ ಒಂದು ಕೆಲಸ ಇದೆ. ಬಹಳ ದಿನದಿಂದ ಹೇಳಬೇಕು ಅಂತಿದ್ದೆ, ಹೇಳಲಿಲ್ಲ."

ಗುಡ್ಡದಿಂದ ಚಿರತೆ ಇಳಿದು ಬರುವ ಕಾಲುದಾರಿ ಅವನಿಗೆ ಗೊತ್ತಿತ್ತು. ಅಲ್ಲಿ ಎರಡು ಗಿಡಗಳ ನಡುವೆ, ಚಿರತೆಯ ಮೈ ತಾಕಿದರೆ ಸದ್ದಾಗುವ ಹಾಗೆ, ಹಾರವನ್ನು ತಗ್ಗಾಗಿ ಕಟ್ಟಿದ.

ವಾರ ಕಳೆದಿರಲಿಲ್ಲ. ಹುಲ್ಲಿನ ನಡುವೆ ಸರಸರ ಸದ್ದಾಯಿತು. ಅಷ್ಟೇ! ಮರದ ತುದಿಯಿಂದ ಬುಡದವರೆಗೆ ಎಲ್ಲ ಮುಸುವಗಳೂ ಒಟ್ಟಿಗೆ ಕೂಗಿದವು. "ಏನೋ ಗೊತ್ತಿಲ್ಲ, ಓಡಿ!" ಗಾಯ ಇನ್ನೂ ಮಾಯದಿದ್ದ ಚೆನ್ನಾಜಿಯೂ ಮರಿಯೊಂದಿಗೆ ಮೊದಲೇ ಹಳ್ಳ ದಾಟಿ ನಿಂತಳು.

ಚಿರತೆ ಹೊರಬಂದಾಗ ಬಯಲು ಖಾಲಿ. ಅದರ ಕೊರಳಲ್ಲಿ ತರಗೆಲೆ ಹಾರ ಸಿಕ್ಕಿಕೊಂಡಿತ್ತು. ಕೊಡವಿದರೆ ಸರಸರ, ಹೆಜ್ಜೆ ಇಟ್ಟರೆ ಸರಸರ.

"ಓಹೋ, ಶೂರ ಬಂದ!" ಎಂದು ಚೆನ್ನಾಜಿ ಆಚೆ ದಂಡೆಯಿಂದ ಕೂಗಿದಳು. ಇಡೀ ಮರ ನಕ್ಕಿತು. ಆ ನಗುವಿಗೆ ನಾಚಿದ್ದು ಚಿರತೆ ಒಂದೇ.

ನೀತಿ: ಎಲ್ಲರೂ ಬದಲಾಗಬೇಕೆಂದು ಬಯಸುವ ಹಿರಿಯರು ಮೊದಲು ತಮ್ಮ ತಪ್ಪನ್ನು ಒಪ್ಪಿಕೊಂಡು ತೋರಿಸಬೇಕು, ಆಗ ಉಳಿದವರಿಗೂ ಬಾಯಿ ಬರುತ್ತದೆ.