ಹಿಂಬಾಗಿಲು ತೋಡಿದ ಇಲಿ

ಗದ್ದೆ ಬದುವಿನ ಬಿಲದಲ್ಲಿ ಒಂದೇ ಬೆಳಗ್ಗೆ ಹದಿನೆಂಟು ಇಲಿಗಳು ಹೇಗೆ ಸತ್ತವು, ಹೇಳಿ ನೋಡೋಣ? ನೀರು ನುಗ್ಗಿತು ಅಂತೀರಾ? ಅಲ್ಲ ಸ್ವಾಮಿ! ಆ ಬಿಲಕ್ಕೆ ಮುಂಬಾಗಿಲು ಒಂದು. ಹಾವು ಬಂದರೆ ಪಾರಾಗಲು, ತೆಳ್ಳಗೆ ಮಣ್ಣು ಮುಚ್ಚಿದ ಗುಟ್ಟಿನ ಹಿಂಬಾಗಿಲು ಇನ್ನೊಂದು. ಮುಂಬಾಗಿಲ ಕಾವಲಿನ ಇಲಿ ಬಂದವರನ್ನೆಲ್ಲ ಮೂಸಿಯೇ ಒಳಗೆ ಬಿಡುತ್ತಿತ್ತು. ಒಳಗೆ ಅದರ ಐದು ಮರಿಗಳಿದ್ದವಲ್ಲ!

ಅಂದು ಬಂದದ್ದು ಹಿಂಬಾಗಿಲು ತೋಡಿದ ಇಲಿ. ಕೆಲಸ ತನ್ನದು, ಹೆಸರು ಮಾತ್ರ ಬಿಲದ ಯಜಮಾನನ ಭಾಮೈದನಿಗೆ ಹೋಯಿತೆಂದು ಅದು ತಿಂಗಳಿಂದ ಕುದಿಯುತ್ತಿತ್ತು.

"ನಿನ್ನ ಮೈ ಹಾವಿನ ವಾಸನೆ ಹೊಡೆಯುತ್ತಿದೆಯಲ್ಲೋ," ಎಂದಿತು ಕಾವಲಿನ ಇಲಿ.

"ಭೇಷ್ ಕಣಣ್ಣ! ಬಿಲ ತೋಡಿದವನನ್ನೇ ಮೂಸುತ್ತೀಯಾ? ನಾಳೆ ನಿಮ್ಮಮ್ಮನನ್ನೂ ಮೂಸು!"

ಕಾವಲಿನ ಇಲಿಗೆ ನಾಚಿಕೆಯಾಯಿತು. "ತಪ್ಪಾಯ್ತು, ಹೋಗಪ್ಪ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಅದೇ ಇಲಿ "ಹಾವು! ಹಾವು!" ಎಂದು ಕೂಗಿತು. ಎಲ್ಲವೂ ಹಿಂಬಾಗಿಲಿಗೆ ಓಡಿದವು. ಹಾವು ಬಾಯಿ ತೆರೆದು ಕಾದಿದ್ದದ್ದು ಅಲ್ಲೇ. ಕಾವಲಿನ ಇಲಿ, ಯಾವ ಶತ್ರುವೂ ಬಾರದ ಮುಂಬಾಗಿಲನ್ನು ಕಾಯುತ್ತ, ತನ್ನ ಮರಿಗಳ ಕೂಗು ಒಂದೊಂದಾಗಿ ನಿಲ್ಲುವುದನ್ನು ಕೇಳಿತು.

ಊರವರು ಹುತ್ತಕ್ಕೆ ಹಾಲೆರೆಯುತ್ತಿದ್ದರು. ಅಂದು ಶ್ರಾವಣ ಶುದ್ಧ ಪಂಚಮಿ, ಮಂಗಳವಾರ.