ತಗ್ಗಿದ ಕಾರು ಮತ್ತು ರಸ್ತೆಯ ಉಬ್ಬು

ಒಡೆಯನು ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದ ಕೆಂಪು ಕಾರೊಂದು ಶಾಲೆಯ ಮುಂದಿನ ರಸ್ತೆ ಉಬ್ಬಿನೆದುರು ಬಂದು ನಿಂತಿತು.

“ದಾರಿ ಬಿಡು,” ಎಂದಿತು ಕಾರು. “ತಗ್ಗಿದ ಮೇಲೆ ನಾನು ತಿರುವುಗಳಲ್ಲಿ ಚೂರೂ ವಾಲುವುದಿಲ್ಲ. ಬೆಳಿಗ್ಗೆ ಘಾಟಿಯಲ್ಲಿ ಮೂರು ಜೀಪುಗಳನ್ನು ಹಿಂದೆ ಹಾಕಿದೆ.”

“ಇರಬಹುದು,” ಎಂದಿತು ಉಬ್ಬು. “ಆದರೆ ಇಲ್ಲಿ ತಿರುವಿಲ್ಲ, ನಾನಿದ್ದೇನೆ. ಇದು ಮಕ್ಕಳು ದಾಟುವ ಜಾಗ. ನಾನು ತಗ್ಗುವಂತಿಲ್ಲ. ನೀವು ಹಿಂದಿರುಗಿ ಬೇರೆ ದಾರಿ ಹಿಡಿಯಿರಿ.”

“ಇಷ್ಟು ಜನ ನನ್ನ ಅಂದ ನೋಡುತ್ತಿರುವಾಗ ಹಿಂದಿರುಗುವುದೆ?” ಎಂದು ಕಾರು ಮುನ್ನುಗ್ಗಿತು. ಅದರ ಹೊಟ್ಟೆ ಉಬ್ಬಿಗೆ ಬಡಿದು, ಎಂಜಿನ್ ಆಯಿಲ್ ಎಲ್ಲ ಸೋರಿ, ಅಲ್ಲೇ ಕೂತುಬಿಟ್ಟಿತು.

ಮಧ್ಯಾಹ್ನ ಕ್ರೇನ್ ಬಂದು ಅದನ್ನು ಆಳೆತ್ತರಕ್ಕೆ ಎತ್ತಿ ಆಚೆ ದಾಟಿಸಿತು. ತೂಗಾಡುತ್ತಿದ್ದ ಕಾರು ಕೆಳಗೆ ನೋಡಲಿಲ್ಲ.

“ಈಗ ಎತ್ತರ ಸರಿಯಾಗಿದೆ,” ಎಂದಿತು ಉಬ್ಬು.