ಅಜ್ಜನವರ ಸೈಕಲ್ ದಾರಿ

ಗುಡ್ಡದ ಮೇಲೊಂದು ಆಶ್ರಮ. ಅಲ್ಲಿಂದ ಕೆಳಗಿನ ಹೊಳೆಯವರೆಗೆ ಒಂದು ಸೈಕಲ್ ದಾರಿ. ಹಿಂದೆ ಆ ದಾರಿಯ ತುಂಬ ಮಕ್ಕಳ ಕೇಕೆ ಕೇಳುತ್ತಿತ್ತಂತೆ. ಶಿವನ ಕಿವಿಗೆ ಅದೂ ಒಂದು ಭಜನೆಯೇ ಅಲ್ಲವೇ?

ಈಗ ದಾರಿಗೆ ಕೊರಕಲು ಬಿದ್ದಿತ್ತು. ಸೈಕಲ್ಲಿನವರು ಬಿದ್ದು ಪೆಟ್ಟು ಮಾಡಿಕೊಳ್ಳುತ್ತಿದ್ದರು.

"ಈ ಮಳೆಗೂ ಕೊಚ್ಚಿಹೋದರೆ ಮುಳ್ಳು ಹಾಕಿ ಮುಚ್ಚಿಬಿಡ್ತೀವಿ" ಎಂದರು ಊರ ಹಿರಿಯರು.

ಆಶ್ರಮದ ಶಿಷ್ಯ ಗುರುಸಿದ್ಧ ಹಠ ಹಿಡಿದು ದುಡಿದ. ಕೊರಕಲಿಗೆ ಮಣ್ಣು ತುಂಬಿದ. ದಾರಿಯನ್ನು ನೆಟ್ಟಗೆ ಮಾಡಿ, ಎರಡೂ ಬದಿಗೆ ಕಲ್ಲಿನ ಒಡ್ಡು ಕಟ್ಟಿದ.

"ಅಜ್ಜಾರೇ, ಇನ್ನು ಒಂದು ಹಿಡಿ ಮಣ್ಣೂ ಆಚೆ ಹೋಗಲ್ಲ."

ಗುರುಗಳಾದ ಅಡವಯ್ಯ ಅಜ್ಜನವರು ಕೊಡ ಎತ್ತಿ ದಾರಿಯ ನೆತ್ತಿಯಲ್ಲಿ ನೀರು ಸುರಿದರು. ನೀರು ಒಡ್ಡುಗಳ ನಡುವೆ ಸಿಕ್ಕಿ, ಹೊಸ ಮಣ್ಣನ್ನು ಎಳೆದುಕೊಂಡು ಓಡಿತು.

"ಕಾಲುವೆ ಚೆನ್ನಾಗಿ ಬಂದಿದೆ ತಮ್ಮಾ. ಸೈಕಲ್ ದಾರಿ ಯಾವಾಗ ಮಾಡ್ತೀ?"

ಗುರುಸಿದ್ಧನ ಮುಖ ಬಾಡಿತು. "ನೀರನ್ನ ಹೇಗೆ ತಡೀಲಿ?"

"ಹೋಗೋರನ್ನ ಯಾಕೆ ತಡೀತೀ? ಬಾಗಿಲು ತೆಗೆದಿಡು."

ಇಬ್ಬರೂ ಸೇರಿ ಒಡ್ಡು ಕಿತ್ತರು. ದಾರಿಯನ್ನು ಗುಡ್ಡದ ಮೈಗುಂಟ ಬಳಸಿ ತಂದರು, ಇಳಿಜಾರಿನ ಕಡೆ ಕೊಂಚ ವಾಲಿಸಿದರು. ಅಲ್ಲಲ್ಲಿ ಒಂದು ತಗ್ಗು, ತಗ್ಗಿನ ಮುಂದೊಂದು ಉಬ್ಬು. ತಗ್ಗಿಗೆ ಬಂದ ನೀರು ಪಕ್ಕದ ಹುಲ್ಲಿಗೆ ಇಳಿಯಬೇಕು.

"ಇಷ್ಟು ಉಬ್ಬಿದ್ದರೆ ಸೈಕಲ್ಲು ಎಗರಲ್ವಾ ಅಜ್ಜಾರೇ?"

ಅಜ್ಜನವರು ಹಾರೆ ಊರಿ ನಿಂತರು. ಕಣ್ಣು ಎಲ್ಲೋ ದೂರ ಹೋಗಿತ್ತು.

"ಎಗರ್ತಿತ್ತು. ನಾನು ಚಿಕ್ಕವನಿದ್ದಾಗ ನಮ್ಮ ಗುರುಗಳು ನನ್ನನ್ನ ಹಿಂದೆ ಕೂರಿಸಿಕೊಂಡು ಇಲ್ಲೇ ಇಳೀತಿದ್ದರು. ಪ್ರತಿ ಉಬ್ಬಿಗೂ 'ಶಿವಾ!' ಅಂತ ಕೂಗೋರು. ನನಗೆ ಮಂತ್ರೋಪದೇಶ ಆದದ್ದು ಅಲ್ಲೇ."

ಮಳೆ ಬಂತು. ಗುಡ್ಡವೇ ಕರಗುವಂತೆ ಸುರಿಯಿತು. ಗುರುಸಿದ್ಧ ನೆನೆಯುತ್ತಲೇ ದಾರಿ ನೋಡಲು ಓಡಿದ.

ನೀರು ಪ್ರತಿ ತಗ್ಗಿನಲ್ಲೂ ಹೊರಳಿ, ತನ್ನ ಪಾಡಿಗೆ ಹುಲ್ಲಿಗೆ ಇಳಿಯುತ್ತಿತ್ತು. ದಾರಿ ಇದ್ದಲ್ಲೇ ಇತ್ತು.

ಹಿರಿಯರು ಬಂದು ನೋಡಿದರು. ತಂದಿದ್ದ ಮುಳ್ಳಿನ ಹೊರೆಯನ್ನು ಮರಳಿ ಹೊತ್ತುಕೊಂಡು ಹೋದರು.

ಬಿಸಿಲು ಬಿದ್ದ ದಿನ ಗುರುಸಿದ್ಧ ಆಶ್ರಮದ ಹಳೆಯ ಸೈಕಲ್ಲು ತಂದ. ಅಜ್ಜನವರು ಕಾವಿಯನ್ನು ಎತ್ತಿ ಕಟ್ಟಿ, ಹಿಂದಿನ ಕ್ಯಾರಿಯರ್ ಮೇಲೆ ಕೂತರು.

ಮೊದಲ ಉಬ್ಬು ಕಂಡದ್ದೇ ಶಿಷ್ಯನ ಬೆರಳು ಬ್ರೇಕಿನತ್ತ ಸರಿಯಿತು. "ಅಜ್ಜಾರೇ, ಬ್ರೇಕು ಹಿಡೀಲಾ?"

"ನಮ್ಮ ಗುರುಗಳು ಹಿಡೀತಿರಲಿಲ್ಲ. 'ಶಿವಾ' ಅನ್ನು."